ನೆತ್ತರಿಗೆ ನೀಲಿಯ ಸಾಕ್ಷಿ

ಕವಿ ಕೀಟ್ಸ್ ವೈದ್ಯವಿದ್ಯೆ ಕಲಿತವನು. 1820ರ ಫೆಬ್ರವರಿ 3ರ ರಾತ್ರಿ ಕೆಮ್ಮಿದಾಗ ಹಾಸಿಗೆಯ ಮೇಲೆ ಬಿದ್ದ ನೆತ್ತರಿನ ಹನಿಯನ್ನು ಮೇಣದಬತ್ತಿಯ ಬೆಳಕಿನಲ್ಲಿ ನೋಡಿ, ಅದರ ಬಣ್ಣದಿಂದಲೇ ತನ್ನ ಸಾವನ್ನು ಅರಿತನು. ಮರುವರ್ಷ ರೋಮಿನಲ್ಲಿ ತೀರಿಕೊಂಡನು.

ಹೊರಬಂದ ನೆತ್ತರು ಕಣ್ಣಿಗೆ ಕಂಡೀತು; ಶ್ವಾಸಕೋಶದೊಳಗೇ ಇಂಗಿದ ನೆತ್ತರಿಗೆ ಸಾಕ್ಷಿ ಯಾರು? ಆ ಸಾಕ್ಷಿ ಚಿತ್ರಕಾರರ ಬಣ್ಣವೊಂದರಿಂದ ದೊರೆಯಿತೆಂಬುದು ನನಗೆ ಇಂದಿಗೂ ಸೋಜಿಗ. 18ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಆಕಸ್ಮಿಕವಾಗಿ ಹುಟ್ಟಿದ ಪ್ರಷ್ಯನ್ ನೀಲಿಯಲ್ಲಿ ಕಬ್ಬಿಣವಿದೆ, ನೆತ್ತರಿನಲ್ಲಿಯೂ ಇದೆ. 1867ರಲ್ಲಿ ಜರ್ಮನಿಯ ಮ್ಯಾಕ್ಸ್ ಪರ್ಲ್ಸ್, ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳಿಂದ ಅಂಗಾಂಶದೊಳಗಿನ ಕಬ್ಬಿಣವನ್ನೇ ಆ ನೀಲಿಯಾಗಿ ಮಾರ್ಪಡಿಸಿ ತೋರಿಸಿದನು.

ಶ್ವಾಸಕೋಶದಲ್ಲಿ ಸೋರಿದ ನೆತ್ತರನ್ನು ಅಲ್ಲಿಯ ಭಕ್ಷಕಕೋಶಗಳು ನುಂಗುತ್ತವೆ. ಎರಡು ಮೂರು ದಿನಗಳಲ್ಲಿ ಅದರ ಕಬ್ಬಿಣ ಹೀಮೋಸಿಡರಿನ್ ಎಂಬ ಕಂದು ಕಣಗಳಾಗಿ ಅವುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಂದು ವೈದ್ಯರು ಶ್ವಾಸನಾಳದ ಮೂಲಕ ಲವಣಜಲವನ್ನು ಬಿಟ್ಟು, ಮರಳಿ ತೆಗೆದು, ಬಂದ ಕೋಶಗಳಿಗೆ ಪರ್ಲ್ಸನ ಬಣ್ಣ ಕಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಕೆಮ್ಮಿನಲ್ಲಿ ನೆತ್ತರು ಕಾಣದೆಯೇ ಬಿಳಿಚಿಕೊಳ್ಳುತ್ತಿರುವ ಮಗುವಿನ ರಕ್ತಹೀನತೆಯ ಗುಟ್ಟು ಒಮ್ಮೊಮ್ಮೆ ಹೀಗೆಯೇ ಬಯಲಾಗುತ್ತದೆ. ಮೈಗೆ ಬೇಕಾದ ಕಬ್ಬಿಣ ಅದರ ಶ್ವಾಸಕೋಶದಲ್ಲಿಯೇ ಸೆರೆಯಾಗಿರುತ್ತದೆ. ಅದನ್ನು ಕಂಡುಕೊಂಡಲ್ಲಿಂದ ಚಿಕಿತ್ಸೆಯ ದಾರಿ ಆರಂಭವಾಗುತ್ತದೆ.