ಕೊಂಡಿಯ ನೇಯ್ಗೆ

ಅಮೀನಗಡ, ಹುನಗುಂದ, ಇಳಕಲ್ಲ ಸೀಮೆಯವರಿಗೆ ಕೊಂಡಿಯೆಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಶಿಮೆಯದಾಗಿರಬಹುದು. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುವ ಕೆಲಸಕ್ಕೆ ಕೊಂಡಿಯೆಂದು ಹೆಸರು. ಒಡಲನ್ನು ಕತ್ತರಿಸಬೇಕಾಗಿಲ್ಲ, ಸೆರಗಿಗೆ ಹೊಲಿಗೆ ಹಾಕಬೇಕಾಗಿಲ್ಲ. ಆದರೂ ಎರಡೂ ಒಂದೇ ಸೀರೆಯಾಗಿ ಬಾಳುವವು.

ಇದೇ ತತ್ತ್ವವು ತೀರ ಬೇರೆಯಾದ ಇನ್ನೊಂದು ಕಸುಬಿನಲ್ಲಿಯೂ ಕಂಡುಬರುವದು. ಅಂತರಜಾಲದಲ್ಲಿ ಒಬ್ಬನು ತನ್ನ ಬರಹಗಳನ್ನು ದಿನದಿನಕ್ಕೆ ಪ್ರಕಟಿಸುತ್ತ ಹೋಗುವ ತಾಣಕ್ಕೆ ಬ್ಲಾಗು ಎನ್ನುವರು. ಅಂಥ ತಾಣವನ್ನು ನಡೆಯಿಸುವ ತಂತ್ರಾಂಶಗಳಲ್ಲಿ ಕೆಲವು ಮುಕ್ತವಾದವು. ಎಂದರೆ ಅವುಗಳ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬೆಳೆಯಿಸಬಹುದು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ವರ್ಡ್‌ಪ್ರೆಸ್ಸಿನ ಇತಿಹಾಸವು, ಕರ್ತೃವು ಕೈಬಿಟ್ಟ ಕೆಲಸವು ಹೇಗೆ ಬದುಕಿ ಉಳಿಯಬಲ್ಲದೆಂಬುದಕ್ಕೆ ಒಳ್ಳೆಯ ನಿದರ್ಶನವಾಗಿದೆ.

೨೦೦೧ರಲ್ಲಿ ಫ್ರಾನ್ಸ್ ದೇಶಕ್ಕೆ ಸೇರಿದ ಕಾರ್ಸಿಕಾ ದ್ವೀಪದ ಮಿಶೆಲ್ ವಾಲ್‌ದ್ರಿಗಿ ಎಂಬವರು ಬಿ೨ ಎಂಬ ಚಿಕ್ಕ ತಂತ್ರಾಂಶವನ್ನು ರಚಿಸಿದರು. ಅದು ಪಿ.ಎಚ್.ಪಿ. ಎಂಬ ಗಣಕಭಾಷೆಯಲ್ಲಿದ್ದು, ಬರಹಗಳನ್ನು ದತ್ತಸಂಚಯದಲ್ಲಿ ಕೂಡಿಟ್ಟು, ಓದುಗನು ಕೇಳಿದಾಗ ಪುಟವಾಗಿ ಕಟ್ಟಿ ಕೊಡುತ್ತಿತ್ತು. ೨೦೦೨ರ ಕೊನೆಯ ಹೊತ್ತಿಗೆ ಅದರ ಬೆಳವಣಿಗೆ ನಿಂತುಹೋಯಿತು. ಬೇರೆ ಸಂದರ್ಭದಲ್ಲಿಯಾದರೆ ಆ ಕೃತಿಯು ಅಲ್ಲಿಗೇ ಮುಗಿದಂತಾಗುತ್ತಿತ್ತು. ಆದರೆ ವಾಲ್‌ದ್ರಿಗಿಯವರು ಅದನ್ನು ಜಿ.ಪಿ.ಎಲ್. ಎಂಬ ಪರವಾನಗಿಯ ಕೆಳಗೆ ಹೊರತಂದಿದ್ದರು.

ಈ ಪರವಾನಗಿಯ ಮೂಲಪುರುಷರು ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್ ಅವರು. ೧೯೮೩ರಲ್ಲಿ ಗ್ನೂ ಎಂಬ ಮುಕ್ತ ಗಣಕವ್ಯವಸ್ಥೆಯ ಸಂಕಲ್ಪವನ್ನು ಸಾರಿದ ಅವರು, ೧೯೮೯ರಲ್ಲಿ ಈ ಪರವಾನಗಿಯ ಮೊದಲನೆಯ ಆವೃತ್ತಿಯನ್ನೂ ೧೯೯೧ರಲ್ಲಿ ಎರಡನೆಯದನ್ನೂ ಪ್ರಕಟಿಸಿದರು. ಅದರ ಸಾರವು ಸರಳವಾಗಿದೆ: ಕೃತಿಯನ್ನು ಬಳಸುವ, ತಿದ್ದುವ ಹಾಗೂ ಹಂಚುವ ಅಧಿಕಾರವು ಪಡೆದವರೆಲ್ಲರಿಗೂ ಉಂಟು, ಆದರೆ ತಿದ್ದಿದ್ದನ್ನು ಹಂಚುವವನು ಅದೇ ಅಧಿಕಾರವನ್ನು ಮುಂದಿನವರಿಗೂ ಕೊಡಲೇಬೇಕು. ತಾನು ಕುಡಿದ ಬಾವಿಯನ್ನು ಯಾರೂ ಮುಚ್ಚುವಂತಿಲ್ಲ.

೨೦೦೩ರ ಜನವರಿಯಲ್ಲಿ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ನಿನ ಮ್ಯಾಟ್ ಮಲೆನ್‌ವೆಗ್ ಎಂಬ ಹತ್ತೊಂಬತ್ತು ವರುಷದ ತರುಣನು, ತಾನು ಬಳಸುತ್ತಿದ್ದ ತಂತ್ರಾಂಶವು ಅನಾಥವಾದದ್ದನ್ನು ಕುರಿತು ತನ್ನ ತಾಣದಲ್ಲಿ ಬರೆದು, ಪರವಾನಗಿಯು ಒಪ್ಪುವದರಿಂದ ಅದರ ಕವಲೊಂದನ್ನು ಬೆಳೆಯಿಸಬಹುದೆಂದು ಸೂಚಿಸಿದನು. ಇಂಗ್ಲಂಡದ ಮೈಕ್ ಲಿಟಲ್ ಎಂಬವರು ಮರುದಿನವೇ ತಾವೂ ಕೂಡಿಕೊಳ್ಳುವದಾಗಿ ತಿಳಿಸಿದರು. ಅದೇ ವರುಷ ಮೇ ೨೭ರಂದು ವರ್ಡ್‌ಪ್ರೆಸ್ಸಿನ ಮೊದಲನೆಯ ಆವೃತ್ತಿಯು ಹೊರಬಂದಿತು. ಐರ್ಲಂಡದ ಡೊನಕ ಓ ಕೀವ್ ಅವರು ಅದೇ ಬಿ೨ ಬೇರಿನಿಂದ, ಅನೇಕರು ಒಟ್ಟಿಗೆ ಬ್ಲಾಗು ನಡೆಯಿಸಬಹುದಾದ ಇನ್ನೊಂದು ಕವಲನ್ನು ಬೆಳೆಯಿಸಿದ್ದರು. ಅದು ಮುಂದೆ ವರ್ಡ್‌ಪ್ರೆಸ್ಸಿನ ಬಳಗವನ್ನೇ ಸೇರಿ, ೨೦೧೦ರ ಮೂರನೆಯ ಮಹಾ ಆವೃತ್ತಿಯಲ್ಲಿ ಮೂಲದೊಡನೆ ಒಂದಾಯಿತು. ವಾಲ್‌ದ್ರಿಗಿಯವರೂ ಮುನಿಯದೆ, ವರ್ಡ್‌ಪ್ರೆಸ್ಸೇ ತಮ್ಮ ಕೃತಿಯ ಉತ್ತರಾಧಿಕಾರಿಯೆಂದು ಒಪ್ಪಿಕೊಂಡರು.

ಇಷ್ಟಾದರೂ ಪರವಾನಗಿಯೊಂದೇ ಈ ಏಳ್ಗೆಗೆ ಕಾರಣವಲ್ಲ. ಎಲ್ಲರೂ ಮೂಲಪಾಠವನ್ನೇ ತಿದ್ದಹತ್ತಿದರೆ ಪ್ರತಿಯೊಬ್ಬನ ಪ್ರತಿಯೂ ಬೇರೆಯಾಗುವದು. ಹೊಸ ಆವೃತ್ತಿ ಬಂದೊಡನೆ ಹಳೆಯ ತಿದ್ದುಪಡಿಗಳೆಲ್ಲ ಅಳಿಸಿಹೋಗುವವು. ಇದಕ್ಕೆ ಪರಿಹಾರವು ೨೦೦೪ರ ಮೇ ತಿಂಗಳಲ್ಲಿ ಬಂದ ೧.೨ನೆಯ ಆವೃತ್ತಿಯಲ್ಲಿ ದೊರೆಯಿತು. ಅದರಲ್ಲಿ ಪ್ಲಗಿನ್ ಎಂಬ ಜೋಡಣೆಗಳಿಗೆ ಎಡೆಯಾಯಿತು. ತಂತ್ರಾಂಶವು ತನ್ನ ಕೆಲಸದ ನಡುನಡುವೆ ಗೊತ್ತಾದ ತಾಣಗಳಲ್ಲಿ ಕೊಂಡಿಗಳನ್ನು ಬಿಟ್ಟಿರುವದು. ಕೆಲವು ಕೊಂಡಿಗಳಲ್ಲಿ ಅದು "ಬರಹವು ಪ್ರಕಟವಾಯಿತು" ಎಂಬಂಥ ಸಂಗತಿಯನ್ನು ಸಾರುವದು. ಅಲ್ಲಿ ಕಾದಿರುವ ಪ್ಲಗಿನ್ ಚಂದಾದಾರರಿಗೆ ಓಲೆ ಕಳಿಸಬಹುದು. ಇನ್ನು ಕೆಲವದರಲ್ಲಿ ಅದು ಬರಹವನ್ನೇ ಪ್ಲಗಿನ್ನಿನ ಕೈಗೆ ಕೊಟ್ಟು, ತಿದ್ದಿದ್ದನ್ನು ಹಿಂದಕ್ಕೆ ಪಡೆದು, ಆ ಮೇಲೆ ಓದುಗನಿಗೆ ತೋರಿಸುವದು. ಒಡಲು ಹಾಗೆಯೇ ಇರುವದು, ಸೆರಗು ಬೇಕಾದಂತೆ ಬದಲಾಗುವದು. ೨೦೦೫ರಲ್ಲಿ ತಾಣದ ರೂಪವನ್ನು ಬದಲಿಸುವ ಥೀಮುಗಳೂ ಇದೇ ಬಗೆಯಾಗಿ ಬಂದವು. ಇಂದು ಅಧಿಕೃತ ಭಂಡಾರದಲ್ಲಿಯೇ ೫೦,೦೦೦ಕ್ಕೂ ಮಿಕ್ಕಿದ ಪ್ಲಗಿನ್ನುಗಳಿವೆ.

ಕನ್ನಡದವರು ಈ ಮುಕ್ತ ನೇಯ್ಗೆಯಿಂದ ದೂರ ಉಳಿದವರಲ್ಲ. ೨೦೦೫ರಲ್ಲಿ ಹರಿಪ್ರಸಾದ ನಾಡಿಗ ಅವರು ಆರಂಭಿಸಿದ "ಸಂಪದ"ವು, ಅನೇಕ ಕನ್ನಡ ಬರಹಗಾರರು ಒಂದೇ ಚಾವಡಿಯಲ್ಲಿ ಕೂಡಿ ಬರೆಯುವಂತೆ ಮಾಡಿದ ತಾಣ. ಅದಕ್ಕೆ ಅವರು ಆರಿಸಿಕೊಂಡದ್ದು ಡ್ರೂಪಲ್ ಎಂಬ ಮುಕ್ತ ತಂತ್ರಾಂಶವನ್ನು. ಬೆಲ್ಜಿಯಮ್ಮಿನ ದ್ರೀಸ್ ಬೌತಾರ್ಟ್ ಎಂಬ ವಿದ್ಯಾರ್ಥಿಯು ತನ್ನ ಗೆಳೆಯರ ಮಾತುಕತೆಗಾಗಿ ರಚಿಸಿ, ೨೦೦೧ರಲ್ಲಿ ಎಲ್ಲರಿಗೂ ತೆರೆದಿಟ್ಟ ಕೃತಿಯಿದು. ಡಚ್ ಭಾಷೆಯಲ್ಲಿ ಹಳ್ಳಿಯೆಂಬರ್ಥದ ಹೆಸರನ್ನು ತನ್ನ ತಾಣಕ್ಕೆ ಇಡಹೋಗಿ ಅಕ್ಷರ ತಪ್ಪಿದ್ದರಿಂದ, ಹನಿಯೆಂಬರ್ಥದ ಡ್ರೂಪಲ್ ಎಂಬ ಹೆಸರು ಅದಕ್ಕೆ ಬಂದಿತು. ಇದರಲ್ಲಿಯೂ ಕೊಂಡಿಗಳ ಏರ್ಪಾಡು ಉಂಟು. ಅಂಟ್ವರ್ಪಿನ ವಿದ್ಯಾರ್ಥಿಗಳಿಗಾಗಿ ಹೆಣೆದದ್ದು ಕನ್ನಡಿಗರ ಚಾವಡಿಯಾದದ್ದು ಮುಕ್ತ ಪರವಾನಗಿಯ ಫಲವೇ ಸರಿ.

ಪರರ ಮನೆಯಲ್ಲಿಟ್ಟ ಬರಹದ ಗತಿಯೇನೆಂಬುದನ್ನು ನೋಡಿದರೆ ಇದರ ಮಹತ್ವವು ತಿಳಿಯುವದು. ಲಕ್ಷಗಟ್ಟಲೆ ಜನರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ೨೦೦೯ರ ಅಕ್ಟೋಬರದಲ್ಲಿ ಮುಚ್ಚಿತು. ಪೋಸ್ಟರಸ್ ಎಂಬ ಬ್ಲಾಗು ಸೇವೆಯು ೨೦೧೩ರ ಏಪ್ರಿಲದಲ್ಲಿ ನಿಂತಿತು. ಯಜಮಾನನು ಬಾಗಿಲು ಹಾಕಿದಾಗ ಒಕ್ಕಲು ಹೊರಬೀಳಲೇಬೇಕು. ಮುಕ್ತ ತಂತ್ರಾಂಶದಲ್ಲಿಯಾದರೋ ಬರಹವನ್ನೂ ಅದನ್ನು ನಡೆಯಿಸುವ ಯಂತ್ರವನ್ನೂ ಕೂಡಿಯೇ ಹೊತ್ತುಕೊಂಡು ಬೇರೆ ಕಡೆಗೆ ನಡೆಯಬಹುದು.

ಹೀಗೆಂದು ಮುಕ್ತ ಲೋಕದಲ್ಲಿ ಅರಸರೇ ಇಲ್ಲವೆಂದು ತಿಳಿಯಬಾರದು. ೨೦೨೪ರ ಸೆಪ್ಟೆಂಬರದಲ್ಲಿ ಮಲೆನ್‌ವೆಗ್ ಅವರಿಗೂ ಡಬ್ಲ್ಯೂ.ಪಿ. ಎಂಜಿನ್ ಎಂಬ ಸಂಸ್ಥೆಗೂ ಬಹಿರಂಗವಾಗಿ ಕಲಹ ಹುಟ್ಟಿತು. ಆ ಸಂಸ್ಥೆಗೆ ಅಧಿಕೃತ ಭಂಡಾರದ ಬಾಗಿಲು ಮುಚ್ಚಲ್ಪಟ್ಟಿತು. ಅಕ್ಟೋಬರದಲ್ಲಿ ಅವರ ಹೆಸರಾಂತ ಪ್ಲಗಿನ್ನೊಂದರ ಸ್ಥಾನವನ್ನು ಅದರದೇ ಕವಲೊಂದಕ್ಕೆ ಕೊಡಲಾಯಿತು. ಡಿಸೆಂಬರದಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯವು, ಮೊದಲಿನ ಸ್ಥಿತಿಯನ್ನು ತರಬೇಕೆಂದು ಮಧ್ಯಂತರ ಆಜ್ಞೆಯನ್ನಿತ್ತಿತು. ಮೂಲಪಾಠವು ಎಲ್ಲರದಾಗಿದ್ದರೂ, ಅದು ದೊರೆಯುವ ಸಂತೆಯ ಅಗಸೆಬಾಗಿಲು ಕೆಲವರ ಕೈಯಲ್ಲಿರಬಹುದೆಂಬುದು ಈ ಪ್ರಸಂಗದಿಂದ ಸ್ಪಷ್ಟವಾಯಿತು.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲಿ ಗಮನಿಸಬೇಕು. ವರ್ಡ್‌ಪ್ರೆಸ್ ಬರಹದ ತಲೆಬರಹದಿಂದಲೇ ಅದರ ವಿಳಾಸವನ್ನು ರಚಿಸುವದು. ಆ ವಿಳಾಸಕ್ಕೆ ೨೦೦ ಚಿಹ್ನೆಗಳ ಮಿತಿಯುಂಟು. ಇಂಗ್ಲಿಷಿನ ಅಕ್ಷರವೊಂದಕ್ಕೆ ಒಂದು ಚಿಹ್ನೆ ಸಾಕು. ಕನ್ನಡದ ಅಕ್ಷರವಾಗಲಿ, ಗುಣಿತದ ಗುರುತಾಗಲಿ, ಯೂನಿಕೋಡಿನಲ್ಲಿ ಮೂರು ಬೈಟುಗಳನ್ನು ಬೇಡುವದು. ವಿಳಾಸದಲ್ಲಿ ಅದೇ ಒಂಬತ್ತು ಚಿಹ್ನೆಗಳಾಗುವದು. ಅಮೀನಗಡವೆಂಬ ಹೆಸರನ್ನು ಬರೆಯಲು ಐದು ಅಕ್ಷರಗಳೂ ಒಂದು ದೀರ್ಘದ ಗುರುತೂ ಬೇಕು. ಅಷ್ಟಕ್ಕೇ ೫೪ ಚಿಹ್ನೆಗಳು ಹೋಗುವವು. ಆದ್ದರಿಂದ ಕನ್ನಡದ ತಲೆಬರಹವು ೨೨ ಗುರುತುಗಳನ್ನು ದಾಟಿತೆಂದರೆ ವಿಳಾಸದಲ್ಲಿ ನಡುವೆಯೇ ತುಂಡಾಗುವದು. ಯಾರ ದ್ವೇಷದಿಂದಲೂ ಹೀಗಾದದ್ದಲ್ಲ. ಒಡಲನ್ನು ನೇಯ್ದವರ ಕಣ್ಣ ಮುಂದೆ ಕನ್ನಡವಿರಲಿಲ್ಲ, ಇಷ್ಟೇ.

ಇಂಥ ಕೊರತೆಯನ್ನು ಕಂಡು ದೂರುತ್ತ ಕುಳಿತುಕೊಳ್ಳುವ ಕಾರಣವಿಲ್ಲ. ಮುಚ್ಚಿದ ತಂತ್ರಾಂಶದಲ್ಲಿ ಒಡೆಯನಿಗೆ ಬಿನ್ನಹ ಮಾಡಿಕೊಳ್ಳುವದೊಂದೇ ದಾರಿ. ಮುಕ್ತವಾದದ್ದರಲ್ಲಿ ವಿಳಾಸ ಕಟ್ಟುವ ಸ್ಥಳದಲ್ಲಿಯೂ ಕೊಂಡಿಯುಂಟು. ಕನ್ನಡ ಬಲ್ಲವನು ಅಲ್ಲಿ ತನ್ನ ಎಳೆಯನ್ನು ಸಿಕ್ಕಿಸಬಹುದು. ತಂತ್ರಾಂಶದ ಮಾತುಗಳನ್ನು ಕನ್ನಡಿಸುವ ಕೆಲಸವನ್ನು ಸ್ವಯಂಸೇವಕರು ಕೈಕೊಂಡದ್ದೂ ಇದೇ ಅಧಿಕಾರದಿಂದಲೇ. ಇಳಕಲ್ಲ ಸೀರೆಯಲ್ಲಿಯೂ ಒಡಲಿನ ಎಳೆಗಳು ತಾವಾಗಿ ಸೆರಗಿಗೆ ಕೂಡುವದಿಲ್ಲ. ಕೊಂಡಿ ಹಾಕುವ ಕೈಗಳು ಬೇಕು. ಅವು ಬಂದ ಮನೆಯಲ್ಲಿ ಸೀರೆ ಪೂರ್ತಿಯಾಗುವದು.