ಕೀವಿಗೊಂದು ದಾರಿ

ಗ್ರೀಸಿನ ಹಿಪೊಕ್ರೆಟೀಸನ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯಗ್ರಂಥಗಳಲ್ಲಿ ಒಂದು ಸೂಚನೆಯಿದೆ: ಮೂತ್ರಪಿಂಡದಲ್ಲಿ ಕೀವು ತುಂಬಿ ಪಕ್ಕೆ ಊದಿಕೊಂಡರೆ ಅಲ್ಲಿ ಕೊಯ್ದು ಕೀವನ್ನು ಹೊರಬಿಡಬೇಕು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಮಾತು ಇಂದಿಗೂ ಹಳತಾಗಿಲ್ಲ.

ಮೂತ್ರಪಿಂಡದಿಂದ ಕೆಳಗಿಳಿಯುವ ನಾಳ ಬಹು ಕಿರಿದು. ಒಂದು ಹರಳು ಸಿಕ್ಕಿಕೊಂಡರೆ ಸಾಕು. ಮೇಲೆ ನಿಂತ ಮೂತ್ರಕ್ಕೆ ರೋಗಾಣು ಸೇರಿದರೆ, ಕೋಡಿಯಿಲ್ಲದ ಕೆರೆ ಏರಿಯನ್ನು ಒತ್ತುವಂತೆ ಒತ್ತಡ ಏರಿ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಚಳಿಜ್ವರ, ಪಕ್ಕೆನೋವು, ಕುಸಿಯುವ ರಕ್ತದೊತ್ತಡ. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ. ಪರೀಕ್ಷೆಯಲ್ಲೂ ಮೋಸಹೋಗುವುದುಂಟು. ಕೆಟ್ಟ ಮೂತ್ರ ಮೇಲೆಯೇ ಉಳಿದು, ಶೀಸೆಗೆ ಬಂದದ್ದು ಇನ್ನೊಂದು ಮೂತ್ರಪಿಂಡದ ತಿಳಿಮೂತ್ರವಾಗಿರಬಹುದು!

ಒಳಗಿನದು ಕಾಣದ ಕಾಲದಲ್ಲಿ ಶವವೇ ಸಾಕ್ಷಿ ಹೇಳಬೇಕಿತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಊಟ, ನಾಟಕ, ಜಗಳ ಯಾವುದನ್ನೂ ಬಿಟ್ಟವನಲ್ಲ. 1658ರಲ್ಲಿ ಮೂತ್ರಕೋಶದ ಹರಳನ್ನು ತೆಗೆಸಿಕೊಂಡು ಬದುಕಿದ. 1703ರಲ್ಲಿ ಅವನು ಸತ್ತ ಮೇಲೆ ಕೊಯ್ದು ನೋಡಿದರೆ, ಎಡ ಮೂತ್ರಪಿಂಡ ಹುಣ್ಣಾಗಿ ಅದರಲ್ಲಿ ಏಳು ಹರಳುಗಳಿದ್ದವು.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಬದುಕಿದ್ದಾಗಲೇ ಹರಳನ್ನು ಕಾಣುವಂತಾಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದಾಗ, ಇನ್ನು ಚಾಕುವಿನ ಕೆಲಸ ಮುಗಿಯಿತೆಂದು ಹಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಔಷಧವನ್ನು ಮೂತ್ರಕ್ಕೆ ಸೋಸಬೇಕಾದದ್ದು ಆ ಮೂತ್ರಪಿಂಡವೇ ತಾನೆ? ದಾರಿ ಕಟ್ಟಿದಾಗ ಸೋಸುವ ಕೆಲಸವೇ ಕುಂದುತ್ತದೆ. ಕೀವಿರುವಲ್ಲಿಗೆ ಔಷಧ ಸಾಕಷ್ಟು ತಲುಪುವುದಿಲ್ಲ.

1955ರಲ್ಲಿ ಲಾಸ್ ಏಂಜಲೀಸಿನ ವಿಲರ್ಡ್ ಗುಡ್ವಿನ್ ಮತ್ತು ಸಂಗಡಿಗರು, ಮೂತ್ರ ಕಟ್ಟಿ ಊದಿದ ಮೂತ್ರಪಿಂಡಕ್ಕೆ ಬೆನ್ನಿನ ಕಡೆಯಿಂದ ಸೂಜಿ ಚುಚ್ಚಿ, ಅದರ ಮೂಲಕ ಸಣ್ಣ ಕೊಳವೆ ಇಳಿಸಿ, ಮೂತ್ರವನ್ನು ಹೊರಕ್ಕೆ ಹರಿಸಿದ್ದನ್ನು ಪ್ರಕಟಿಸಿದರು. ದೊಡ್ಡ ಕೊಯ್ತವಿಲ್ಲ, ಶಸ್ತ್ರಕ್ರಿಯೆ ತಾಳಲಾರದ ರೋಗಿಗೂ ಇದು ಸಾಧ್ಯ. ಮುಂದೆ ಅಲ್ಟ್ರಾಸೌಂಡ್ ಬಂದು ಸೂಜಿಗೆ ಕಣ್ಣು ದೊರೆಯಿತು. 1978ರಲ್ಲಿ ಎರಡು ತುದಿಯೂ ಬಾಗಿದ, ಜಾರದೆ ಒಳಗೇ ನಿಲ್ಲುವ ಕೊಳವೆ ಬಂತು. ಅದನ್ನು ಮೂತ್ರಕೋಶದಿಂದ ಮೇಲಕ್ಕೆ ಏರಿಸುತ್ತಾರೆ.

ಇವೆರಡರಲ್ಲಿ ಯಾವುದು ಮೇಲು? 1998ರಲ್ಲಿ ಅಮೆರಿಕದಲ್ಲಿ 42 ರೋಗಿಗಳಲ್ಲಿ ಹೋಲಿಸಿ ನೋಡಿದರು. ಒಂದು ಇನ್ನೊಂದಕ್ಕಿಂತ ಹೆಚ್ಚೆಂದು ಕಾಣಲಿಲ್ಲ. ಈಗ ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಚಿತ್ರದಲ್ಲಿ ತಡೆ ಕಂಡೊಡನೆ ಆಂಟಿಬಯಾಟಿಕ್ ಜೊತೆಗೆ ಇವೆರಡರಲ್ಲಿ ಒಂದು ದಾರಿಯನ್ನು ತಡಮಾಡದೆ ತೆರೆಯುತ್ತಾರೆ. ಹರಳಿನ ತಂಟೆಗೆ ಅಂದು ಹೋಗುವುದಿಲ್ಲ. ಸೋಂಕು ಇಳಿದ ಮೇಲೆ ಅದರ ಸರದಿ.