ಕೋರಂಟಿ ದವಾಖಾನೆ ಮತ್ತು ಗಂಟಲುಮಾರಿ

ನಮ್ಮ ಉಪ್ಪಲ್‌ನಿಂದ ರಾಮಂತಾಪುರ, ಅಂಬರಪೇಟೆ ದಾಟಿ ನಲ್ಲಕುಂಟಕ್ಕೆ ಹೋದರೆ ಒಂದು ಸರಕಾರಿ ಆಸ್ಪತ್ರೆ ಇದೆ. ಕಾಗದದ ಮೇಲೆ ಅದಕ್ಕೆ ಸರ್ ರೊನಾಲ್ಡ್ ರಾಸ್ ಹೆಸರು. ಆಟೋದವರಿಗೆ ಫೀವರ್ ಆಸ್ಪತ್ರೆ, ಹಳಬರಿಗೆ ಕೋರಂಟಿ ದವಾಖಾನೆ. ಕ್ವಾರಂಟೈನ್ ಅನ್ನೋ ಪದ ಹೈದರಾಬಾದಿಗಳ ಬಾಯಲ್ಲಿ ಸವೆದು ಕೋರಂಟಿ ಆಯಿತು. ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡವರು, ಗಂಟಲಿಗೂ ಅವರಿಗೂ ಸಂಬಂಧವಿಲ್ಲ. ಆದರೆ ಎಷ್ಟೋ ಊರಿನ ವೈದ್ಯರು ಪುಸ್ತಕದಲ್ಲಷ್ಟೇ ಓದಿರುವ ಡಿಫ್ತೀರಿಯಾವನ್ನು ಈ ಆಸ್ಪತ್ರೆಯವರು ಕಣ್ಣಾರೆ ನೋಡುತ್ತಾ ಬಂದಿದ್ದಾರೆ.

ಕನ್ನಡದಲ್ಲಿ ಇದು ಗಂಟಲುಮಾರಿ. ತೆಲುಗಿನವರು ಕಂಠಸರ್ಪಿ ಅನ್ನುತ್ತಾರೆ. ಸರ್ಪಕ್ಕೂ ಸರ್ಪಿಗೂ ಮೂಲ ಒಂದೇ. ಸ್ಪೇನಿನವರು ಕತ್ತು ಹಿಸುಕುವ ಸಾಧನದ ಹೆಸರನ್ನೇ ಇದಕ್ಕೆ ಇಟ್ಟು, 1613ನ್ನು ಆ ರೋಗದ ವರ್ಷ ಎಂದೇ ಕರೆದರು. ಯಾರಿಗೂ ಆಗ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಆದರೆ ಗಂಟಲಲ್ಲಿ ಏನೋ ಕೂತು ಉಸಿರು ಕಟ್ಟಿಸುತ್ತದೆ ಅನ್ನುವುದು ಗೊತ್ತಿತ್ತು.

ಆ 'ಏನೋ' ಒಂದು ಪೊರೆ. ಫ್ರಾನ್ಸಿನ ಬ್ರೆಟೊನೊ 1826ರಲ್ಲಿ ಅದನ್ನೇ ಗುರುತಾಗಿ ಹಿಡಿದು, ತೊಗಲು ಎಂಬ ಅರ್ಥದ ಗ್ರೀಕ್ ಪದದಿಂದ ರೋಗಕ್ಕೆ ಹೆಸರು ಕೊಟ್ಟರು. ಮಾಮೂಲಿ ಸ್ಟ್ರೆಪ್ ಟಾನ್ಸಿಲ್‌ನಲ್ಲಿ ಜ್ವರ ಜೋರು, ಬಿಳಿ ಕೀವು ಚುಕ್ಕೆ ಚುಕ್ಕೆಯಾಗಿ ಕೂತಿರುತ್ತದೆ, ಒರೆಸಿದರೆ ಬರುತ್ತದೆ. ಗಂಟಲುಮಾರಿಯಲ್ಲಿ ಜ್ವರ ಹೆಚ್ಚಿರುವುದಿಲ್ಲ, ಮಗು ಮಾತ್ರ ಸೊರಗಿರುತ್ತದೆ. ಬೂದು ಬಣ್ಣದ ಪೊರೆ ಟಾನ್ಸಿಲ್ ದಾಟಿ ಹಬ್ಬುತ್ತದೆ, ಎಬ್ಬಿಸಲು ಹೋದರೆ ರಕ್ತ ಬರುತ್ತದೆ. ಕೆಲವರಿಗೆ ಕತ್ತು ಗೂಳಿಯದರಂತೆ ಊದುತ್ತದೆ. ಕುಡಿದ ನೀರು ಮೂಗಿನಲ್ಲಿ ಬಂದರೆ ವಿಷ ನರಕ್ಕೆ ಇಳಿದಿದೆ ಎಂದರ್ಥ. ಅದೇ ವಿಷ ಹೃದಯವನ್ನೂ ಬಿಡುವುದಿಲ್ಲ.

1883ರಲ್ಲಿ ಕ್ಲೆಬ್ಸ್ ಈ ಬ್ಯಾಕ್ಟೀರಿಯಾವನ್ನು ಕಂಡರು, 1884ರಲ್ಲಿ ಲೋಫ್ಲರ್ ಬೆಳೆಸಿದರು. 1888ರಲ್ಲಿ ರೂ ಮತ್ತು ಯೆರ್ಸಿನ್ ಕೊಲ್ಲುವುದು ಅದು ಉಗುಳುವ ವಿಷ ಎಂದು ತೋರಿಸಿದರು. 1890ರಲ್ಲಿ ಬೇರಿಂಗ್ ಮತ್ತು ಕಿತಸಾಟೊ ಪ್ರತಿವಿಷದ ದಾರಿ ಕಂಡರು. 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬೇರಿಂಗ್‌ಗೆ ಬಂತು (ಕಿತಸಾಟೊಗೆ ಯಾಕಿಲ್ಲ ಅನ್ನೋದು ನನ್ನ ಹಳೇ ತಕರಾರು).

ಇಷ್ಟೆಲ್ಲಾ ಆದ ಮೇಲೂ ಗುರುತಿಸುವ ಕೆಲಸ ಕಣ್ಣಿನದೇ. ಆಲ್ಬರ್ಟ್ ಬಣ್ಣ ಹಾಕಿ ನೋಡಿದರೆ ಹಸಿರು ಕಡ್ಡಿಗಳು, ತುದಿಯಲ್ಲಿ ಕಪ್ಪು-ನೀಲಿ ಕಾಳುಗಳು, ಚೀನೀ ಅಕ್ಷರ ಬರೆದ ಹಾಗೆ ಕಾಣುತ್ತವೆ. ಆದರೆ ಅದು ವಿಷ ಮಾಡುವ ತಳಿಯೇ ಅಂತ ಖಾತ್ರಿಯಾಗಲು ಇನ್ನೂ ಹೊತ್ತು ಬೇಕು. ಕುದುರೆಯ ರಕ್ತದಿಂದ ಬರುವ ಪ್ರತಿವಿಷವೋ, ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನಷ್ಟೇ ಹಿಡಿಯುತ್ತದೆ. ಜೀವಕೋಶದೊಳಗೆ ಹೊಕ್ಕಿದ್ದನ್ನು ಮುಟ್ಟುವುದಿಲ್ಲ. ಹಾಗಾಗಿ ರಿಪೋರ್ಟಿಗೆ ಕಾಯುವಂತಿಲ್ಲ. ಬಾಯಿ ತೆರೆಸಿ ಟಾರ್ಚ್ ಹಿಡಿದ ವೈದ್ಯರಿಗೆ ಅನುಮಾನ ಬರಬೇಕು, ಅಷ್ಟೇ. ಆದರೆ ರೋಗ ಅಪರೂಪವಾದಷ್ಟೂ ಆ ಅನುಮಾನವೂ ಅಪರೂಪವಾಗುತ್ತದೆ.

1978ರಿಂದ ದೇಶದ ಲಸಿಕೆ ಕಾರ್ಯಕ್ರಮದಲ್ಲಿ ಡಿಪಿಟಿ ಇದೆ. ಆದರೂ 2003ರಿಂದ 2006ರವರೆಗೆ ಹೈದರಾಬಾದಿನಲ್ಲಿ ಗಂಟಲುಮಾರಿ ಹೋಗದೆ ಉಳಿದಿದ್ದರ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಶಾಲೆಗೆ ಹೋಗುವ ವಯಸ್ಸಿನವರಿಗೂ ರೋಗ ಬರುತ್ತಿತ್ತು. ಕೈಗೂಸಿಗೆ ಹಾಕಿಸಿದ ಲಸಿಕೆಯ ಬಲ ವರ್ಷ ಕಳೆದಂತೆ ಕುಗ್ಗುತ್ತದೆ, ಒಂದೂವರೆ ವರ್ಷಕ್ಕೆ ಮತ್ತು ಐದಕ್ಕೆ ಬೂಸ್ಟರ್ ಇರುವುದು ಅದಕ್ಕೇ. ಹತ್ತು ಮತ್ತು ಹದಿನಾರನೇ ವಯಸ್ಸಿಗೆ ಮೊದಲು ಬರೀ ಟಿಟಿ ಚುಚ್ಚುತ್ತಿದ್ದರು. ಈಗ ಅದರ ಜಾಗದಲ್ಲಿ ಕೊಡುವ ಟಿಡಿಯಲ್ಲಿ 'ಡಿ' ಅಂದರೆ ಈ ಡಿಫ್ತೀರಿಯಾವೇ.